ಚೀಟಿ ನೋಡದೆ ಕಟ್ಟುವ ಕೋಟೆ

ಪ್ಲಾಸ್ಟಿಕ್ ಇಟ್ಟಿಗೆಗಳ ಪೆಟ್ಟಿಗೆ ಮನೆಗೆ ಬಂದ ದಿನ ನಡೆಯುವುದು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ ಥರ. ಪೆಟ್ಟಿಗೆಯ ಮೇಲೆ ಒಂದು ಕಾರೋ ಹೆಲಿಕಾಪ್ಟರೋ ಇರುತ್ತದೆ, ಒಳಗೆ ಸೂಚನೆಯ ಚೀಟಿ ಇರುತ್ತದೆ. ಮಗು ಒಂದೊಂದೇ ಚಿತ್ರ ನೋಡಿಕೊಂಡು ತುಂಡು ಜೋಡಿಸುತ್ತದೆ, ಸಂಜೆಯೊಳಗೆ ಕಾರು ಸಿದ್ಧವಾಗುತ್ತದೆ, ಮನೆಮಂದಿ ಭೇಷ್ ಅನ್ನುತ್ತಾರೆ, ಕಾರು ಶೋಕೇಸಿನ ಗಾಜಿನ ಹಿಂದೆ ಹೋಗಿ ಕೂರುತ್ತದೆ. ಮುಟ್ಟಿದರೆ ಬಿಚ್ಚಿಹೋದೀತು ಎಂದು ಕಟ್ಟಿದ ಮಗುವನ್ನೇ ಗದರಿಸುವುದೂ ಉಂಟು. ದುಡ್ಡು ಕೊಟ್ಟು ತಂದ ವಸ್ತುವಿನ ಮುಖ್ಯ ಉಪಯೋಗವನ್ನೇ ನಾವು ಅಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಈ ಇಟ್ಟಿಗೆಗಳು ಹವ್ಯಾಸವಾಗುವುದು ಚೀಟಿಯಲ್ಲಿದ್ದದ್ದನ್ನು ಕಟ್ಟಿ ಮುಗಿಸಿ, ಅದನ್ನು ಬಿಚ್ಚಿ, ಯಾವ ಚೀಟಿಯಲ್ಲೂ ಇಲ್ಲದ್ದನ್ನು ಕಟ್ಟತೊಡಗಿದಾಗ. ಹೀಗೆ ಸ್ವಂತ ಮಾದರಿ ಕಟ್ಟುವವರು ಜಗತ್ತಿನ ಹಲವು ದೇಶಗಳಲ್ಲಿದ್ದಾರೆ, ಅವರಲ್ಲಿ ದೊಡ್ಡವರೂ ಬಹಳ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆ ಈ ಹವ್ಯಾಸ ಹೊರಗಿನದೆಂದು ತೋರಬಹುದು. ಆದರೆ ಇದಕ್ಕೆ ಬೇಕಾದ ಬುದ್ಧಿಯೂ ಇಲ್ಲಿದೆ, ಕಟ್ಟಿ ನೋಡಬೇಕಾದ ವಸ್ತುಗಳೂ ಇಲ್ಲಿವೆ ಎಂಬುದು ನನ್ನ ವಾದ.

ಮೊದಲು ಬುದ್ಧಿಯ ಮಾತು. ಮಲಪ್ರಭೆಯ ಎರಿ ಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ಮುಗಿದು ಕಣಕಿ ಬಣವಿ ಏರಿದಾಗ ಹಳ್ಳಿಯ ಮಕ್ಕಳು ಒಣಗಿದ ದಂಟು ಎಳೆದುಕೊಂಡು ಬಂಡಿ ಮಾಡುತ್ತಿದ್ದರು. ಕೆಲವೆಡೆ ಈಗಲೂ ಮಾಡುತ್ತಾರೆ. ಅದರ ರೀತಿಯನ್ನು ಗಮನವಿಟ್ಟು ನೋಡಬೇಕು. ದಂಟಿನ ಮೇಲಿನ ಗಟ್ಟಿ ಸಿಪ್ಪೆಯನ್ನು ಸೀಳಿ ತೆಗೆದರೆ ಒಳಗೆ ಬಿಳಿ ಬೆಂಡು ಸಿಗುತ್ತದೆ. ಬೆಂಡನ್ನು ಬೇಕಾದ ಅಳತೆಗೆ ಮುರಿದರೆ ಅದು ತುಂಡು, ಸಿಪ್ಪೆಯನ್ನು ಸಣ್ಣಗೆ ಸೀಳಿದರೆ ಅದು ಮೊಳೆ. ಬೆಂಡಿಗೆ ಸಿಬರು ಚುಚ್ಚಿದರೆ ಬಿಗಿಯಾಗಿ ಕೂರುತ್ತದೆ, ಬೇಡವೆಂದಾಗ ಕಿತ್ತು ಬೇರೆ ಕಡೆ ಚುಚ್ಚಬಹುದು. ಅಂಟು ಬೇಡ, ದಾರ ಬೇಡ. ಒಂದೇ ದಂಟಿನಿಂದ ತುಂಡೂ ಬಂತು, ಜೋಡಣೆಯ ಸಾಧನವೂ ಬಂತು. ಇದರಿಂದಲೇ ಚಕ್ಕಡಿ, ನೊಗ, ಎತ್ತು, ಕನ್ನಡಕ ಎಲ್ಲ ಆಗುತ್ತಿದ್ದವು. ಯಾರೂ ಚೀಟಿ ಕೊಡುತ್ತಿರಲಿಲ್ಲ. ಅಂಗಳದಲ್ಲಿ ನಿಂತ ನಿಜವಾದ ಚಕ್ಕಡಿಯನ್ನು ನೋಡಿ, ಅದರ ಯಾವ ಭಾಗ ಯಾವುದಕ್ಕೆ ಸೇರುತ್ತದೆ ಎಂದು ತಿಳಿದುಕೊಂಡು ಕಟ್ಟಬೇಕಾಗಿತ್ತು. ಕೆಲವೇ ಬಗೆಯ ತುಂಡುಗಳು, ಬಿಚ್ಚಬಲ್ಲ ಜೋಡಣೆ, ಕಣ್ಣೆದುರಿನ ಮಾದರಿ: ಕಟ್ಟುವ ಆಟಿಕೆಯ ಪೂರ್ತಿ ತತ್ವ ಈ ಮೂರರಲ್ಲೇ ಇದೆ.

ಇದೇ ತತ್ವವನ್ನು ಕಾರ್ಖಾನೆಯ ಕರಾರುವಾಕ್ಕಿಗೆ ತಂದದ್ದು ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರು. ಅಲ್ಲಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ 1932ರಲ್ಲಿ ಕಟ್ಟಿಗೆಯ ಆಟಿಕೆ ಮಾಡಲು ಶುರುಮಾಡಿದ. ಅವನ ಲೆಗೊ ಕಂಪನಿ 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ತಂದಿತು. ಇದಕ್ಕೆ ಮಾದರಿಯಾದದ್ದು ಬ್ರಿಟನ್ನಿನ ಹಿಲರಿ ಪೇಜ್ ಆಗಲೇ ಮಾಡಿದ್ದ ಇಟ್ಟಿಗೆ. ಮೊದಲ ಇಟ್ಟಿಗೆಗಳು ಒಳಗೆ ಟೊಳ್ಳಾಗಿದ್ದವು, ಒಂದರ ಮೇಲೊಂದು ಕೂರುತ್ತಿದ್ದವೇ ಹೊರತು ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳನ್ನು ಇಟ್ಟು, ಕೆಳಗಿನ ಇಟ್ಟಿಗೆಯ ಉಬ್ಬು ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವಂತೆ ಮಾಡಿದ ಮೇಲೆ ಆ ಕೊರತೆ ನೀಗಿತು. ಈ ವಿನ್ಯಾಸದ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಯ ಮೇಲೆ ಈಗಲೂ ಕೂರುತ್ತದೆ. ಈ ಆಟಿಕೆಯ ನಿಜವಾದ ಸಾಧನೆ ಇದು: ಅಳತೆ ಬದಲಾಗಲಿಲ್ಲ. ಅಜ್ಜನ ಪೆಟ್ಟಿಗೆ ಮೊಮ್ಮಗಳಿಗೆ ಉಪಯೋಗಕ್ಕೆ ಬರುತ್ತದೆ.

ಆ ಅಳತೆಯೂ ಲೆಕ್ಕಾಚಾರದ್ದು. ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ತೆಳ್ಳನೆಯ ಬಿಲ್ಲೆಯ ಎತ್ತರ 3.2, ಅಂದರೆ ಮೂರು ಬಿಲ್ಲೆ ಸೇರಿ ಒಂದು ಇಟ್ಟಿಗೆ. ಐದು ಬಿಲ್ಲೆ ಸೇರಿಸಿದರೆ 16 ಮಿಲಿಮೀಟರ್, ಅದು ಸರಿಯಾಗಿ ಎರಡು ಉಬ್ಬಿನ ಅಗಲ. ಹಾಗಾಗಿ ತುಂಡುಗಳನ್ನು ಮೇಲ್ಮುಖವಾಗಿ ಮಾತ್ರವಲ್ಲ, ಪಕ್ಕಕ್ಕೆ ತಿರುಗಿಸಿಯೂ ಸಂದಿಲ್ಲದಂತೆ ಕೂಡಿಸಬಹುದು. ಸ್ವಂತ ಮಾದರಿ ಕಟ್ಟುವವರು ಮೊದಲು ಬಾಯಿಪಾಠ ಮಾಡುವ ಮಗ್ಗಿ ಇದು. ಎರಡು ಸಾಲು, ಸಾಲಿಗೆ ನಾಲ್ಕು ಉಬ್ಬು ಇರುವ ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ರೀತಿಯಲ್ಲಿ ಜೋಡಿಸಬಹುದು, ಮೂರನ್ನು 1,060 ರೀತಿಯಲ್ಲಿ. ಆರು ಇಟ್ಟಿಗೆಗಳಾದರೆ? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಮತ್ತು ಸಂಗಡಿಗರು ಕಂಪ್ಯೂಟರಿನಿಂದ ಎಣಿಸಿ ತೆಗೆದ ಉತ್ತರ 91,51,03,765. ಅಂಗೈಯಲ್ಲಿ ಹಿಡಿಸುವ ಆರು ತುಂಡುಗಳಿಗೆ ತೊಂಬತ್ತೊಂದು ಕೋಟಿಗೂ ಮೇಲಿನ ದಾರಿಗಳಿರುವಾಗ, ಚೀಟಿ ತೋರಿಸುವುದು ಅವುಗಳಲ್ಲಿ ಒಂದನ್ನು ಮಾತ್ರ.

ಚೀಟಿಯೇ ಬೇಡವೆಂದು ಇದರರ್ಥವಲ್ಲ. ಚೀಟಿ ನೋಡಿ ಕಟ್ಟುವ ಮಗು ಜೋಡಣೆಯ ಹಲವು ಉಪಾಯಗಳನ್ನು ಕಲಿಯುತ್ತದೆ, ಗಮನವಿಟ್ಟು ಕೂರುವುದನ್ನು ಕಲಿಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಅಲ್ಲಿಗೇ ನಿಂತರೆ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದ್ದಾರೆ. ಪೇಜ್ ಮೊರೊ ಮತ್ತು ಮಾರಿಟ್ ಎಂಗೆಸೆಟ್ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರಿಗೆ ಸೂಚನೆ ಸಮೇತ ಇಟ್ಟಿಗೆಗಳನ್ನು ಕೊಟ್ಟರು, ಕೆಲವರಿಗೆ ಮನಸ್ಸಿಗೆ ಬಂದದ್ದನ್ನು ಕಟ್ಟಿ ಎಂದರು. ಆಮೇಲೆ ಎಲ್ಲರಿಗೂ ಇಟ್ಟಿಗೆಗೆ ಸಂಬಂಧವಿಲ್ಲದ, ಹೊಸದಾಗಿ ಯೋಚಿಸಬೇಕಾದ ಕೆಲಸ ಕೊಟ್ಟರು. ಸೂಚನೆಯಂತೆ ಕಟ್ಟಿದವರು ಆ ಕೆಲಸದಲ್ಲಿ ಹಿಂದೆ ಬಿದ್ದರು. ಒಂದೇ ಒಂದು ಸರಿಯುತ್ತರವಿದೆ, ಅದನ್ನು ಮುಟ್ಟಿದರೆ ಸಾಕು ಎಂಬ ಮನಃಸ್ಥಿತಿ ಮುಂದಿನ ಕೆಲಸಕ್ಕೂ ಹಬ್ಬಿತ್ತು. ನಮ್ಮ ಶಾಲೆಗಳಲ್ಲಿ ಗೈಡು ನೋಡಿ ಬರೆಯುವ ಅಭ್ಯಾಸವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಆಟದಲ್ಲೂ ಮಗುವಿಗೆ ಗೈಡನ್ನೇ ಕೊಟ್ಟರೆ ತಪ್ಪು ಮಾಡಿ ತಿದ್ದಿಕೊಳ್ಳುವ ಜಾಗ ಎಲ್ಲೂ ಉಳಿಯುವುದಿಲ್ಲ.

ಹಾಗಾದರೆ ಏನು ಕಟ್ಟಬೇಕು? ಹೊರಗೆ ಕಾಲಿಟ್ಟರೆ ಸಾಕು. ಕಿತ್ತೂರಿನ ಅರಮನೆಯನ್ನೇ ತೆಗೆದುಕೊಳ್ಳೋಣ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ರಾಣಿ ಚೆನ್ನಮ್ಮನ ಪಡೆ ಸೋಲಿಸಿತು. ಅದೇ ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಸೆರೆಯಲ್ಲಿದ್ದ ರಾಣಿ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು, ಸಮಾಧಿ ಅಲ್ಲೇ ಇದೆ. ಅರಮನೆಯಲ್ಲಿ ಈಗ ಉಳಿದಿರುವುದು ಮುರಿದ ಗೋಡೆಗಳು. ನೋಡಲು ಹೋದವರು ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮರಳುತ್ತಾರೆ. ಅದೇ ಅರಮನೆಯನ್ನು ಇಟ್ಟಿಗೆಗಳಲ್ಲಿ ಕಟ್ಟಬೇಕೆಂದು ಹೊರಟವರು ಹಾಗೆ ಮರಳಲಾರರು. ಗೋಡೆ ಎಷ್ಟು ದಪ್ಪ, ಬಾಗಿಲು ಯಾವ ದಿಕ್ಕಿಗೆ, ಮೇಲಂತಸ್ತಿನ ತೊಲೆ ಯಾವ ಎತ್ತರದಲ್ಲಿ ಕೂತಿದ್ದೀತು, ಬೆಳಕು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುತ್ತವೆ. ಅರಮನೆಯ ಪ್ರತಿರೂಪ ಎಲ್ಲಿ ನಿರ್ಮಾಣವಾಗಬೇಕು ಎಂಬ ಬಗ್ಗೆ 2021ರಲ್ಲಿ ಕಿತ್ತೂರಿನಲ್ಲಿ ದೊಡ್ಡ ಚರ್ಚೆ ನಡೆಯಿತು, ಪ್ರತಿಭಟನೆಯೂ ಆಯಿತು. ಜಾಗದ ಬಗ್ಗೆ ಅಷ್ಟು ಕಾಳಜಿ ಇರುವ ಜನ ಆಕಾರದ ಬಗ್ಗೆಯೂ ಕೈಯಾರೆ ಯೋಚಿಸಿ ನೋಡಬೇಕು. ಮೇಜಿನ ಮೇಲೆ ಹತ್ತು ಮಂದಿ ಹತ್ತು ಅರಮನೆ ಕಟ್ಟಿದರೆ ಯಾರಿಗೂ ನಷ್ಟವಿಲ್ಲ, ಅವುಗಳ ನಡುವಿನ ವ್ಯತ್ಯಾಸವೇ ಒಂದು ಪಾಠ.

ಆ ಅವಶೇಷಗಳಲ್ಲಿ ಧ್ರುವ ನಕ್ಷತ್ರ ನೋಡಲು ಮಾಡಿಸಿದ್ದೆಂದು ತೋರಿಸುವ ಒಂದು ಕಿಂಡಿ ಇದೆ. ಅದನ್ನು ಮಾದರಿಯಲ್ಲಿ ಹೇಗೆ ಕಟ್ಟುವುದು? ಸುಮ್ಮನೆ ಓರೆಯಾಗಿ ಒಂದು ತೂತು ಬಿಟ್ಟರೆ ಸಾಲದು. ಯಾವ ಊರಿನಲ್ಲಿ ನಿಂತರೂ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಆ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿ ಕಾಣುತ್ತದೆ, ಹೆಚ್ಚೆಂದರೆ ಒಂದು ಡಿಗ್ರಿಯಷ್ಟು ಆಚೀಚೆ. ಕಿತ್ತೂರಿನ ಅಕ್ಷಾಂಶ ಸುಮಾರು 15.6 ಡಿಗ್ರಿ. ಈಗ ನಮ್ಮ ಮಗ್ಗಿಗೆ ಬರೋಣ. ಹತ್ತು ಉಬ್ಬಿನ ಉದ್ದ ಎಂದರೆ 80 ಮಿಲಿಮೀಟರ್, ಏಳು ಬಿಲ್ಲೆಯ ಎತ್ತರ ಎಂದರೆ 22.4 ಮಿಲಿಮೀಟರ್. ಹತ್ತು ಉಬ್ಬು ಮುಂದೆ ಹೋಗುವಷ್ಟರಲ್ಲಿ ಏಳು ಬಿಲ್ಲೆ ಏರಿದರೆ ಇಳಿಜಾರು 15.6 ಡಿಗ್ರಿ ಆಗುತ್ತದೆ. ಪ್ರೌಢಶಾಲೆಯ ತ್ರಿಕೋನಮಿತಿ, ಭೂಗೋಳದ ಅಕ್ಷಾಂಶ, ಇತಿಹಾಸದ ಅರಮನೆ ಮೂರೂ ಅಂಗೈ ಅಗಲದ ಒಂದು ಗೋಡೆಯಲ್ಲಿ ಕೂಡುತ್ತವೆ. ಪುಸ್ತಕದಲ್ಲಿ ಬೇರೆ ಬೇರೆ ಪಾಠಗಳಾಗಿರುವ ಈ ಮೂರನ್ನು ಒಟ್ಟಿಗೆ ತರುವಂತೆ ಯಾವ ಪೆಟ್ಟಿಗೆಯ ಚೀಟಿಯೂ ಮಗುವಿಗೆ ಹೇಳುವುದಿಲ್ಲ. ಊರಿನ ಕಿಂಡಿ ಹೇಳುತ್ತದೆ.

ಸವದತ್ತಿಯ ಕೋಟೆ ಬೇರೊಂದು ಕಷ್ಟ ಒಡ್ಡುತ್ತದೆ. 18ನೇ ಶತಮಾನದಲ್ಲಿ ಜಾಯಪ್ಪ ದೇಸಾಯಿ ಕಟ್ಟಿಸಿದ ಈ ಕೋಟೆಗೆ ಎಂಟು ಬುರುಜುಗಳಿವೆ. ಬುರುಜು ದುಂಡಗೆ, ಇಟ್ಟಿಗೆ ಚೌಕ. ಇಲ್ಲಿ ಒಂದು ಉಪಾಯವುಂಟು. ಎರಡು ಉಬ್ಬಿನ ಉದ್ದನೆಯ ಇಟ್ಟಿಗೆ, ಒಂದು ಉಬ್ಬಿನ ದುಂಡು ಇಟ್ಟಿಗೆ, ಮತ್ತೆ ಉದ್ದನೆಯದು, ಮತ್ತೆ ದುಂಡು ಹೀಗೆ ಸಾಲು ಜೋಡಿಸಿ, ಪ್ರತಿ ಮೇಲಿನ ಸಾಲನ್ನು ಒಂದು ಉಬ್ಬಿನಷ್ಟು ಮುಂದೆ ಸರಿಸಿ, ಅದರ ಉದ್ದನೆಯ ಇಟ್ಟಿಗೆ ಕೆಳಗಿನ ಉದ್ದನೆಯ ಇಟ್ಟಿಗೆಯ ತುದಿಯನ್ನೂ ಪಕ್ಕದ ದುಂಡು ಇಟ್ಟಿಗೆಯನ್ನೂ ಬೆಸೆಯುವಂತೆ ಇಟ್ಟರೆ, ಪ್ರತಿ ದುಂಡು ತುಂಡಿನ ಜಾಗದಲ್ಲೂ ಗೋಡೆ ಕೀಲಿನಂತೆ ಸ್ವಲ್ಪ ಬಾಗುತ್ತದೆ. ಗೋಡೆ ಸಾಕಷ್ಟು ಉದ್ದವಿದ್ದರೆ ಎರಡು ತುದಿಗಳನ್ನು ತಂದು ಕೂಡಿಸಬಹುದು, ಬುರುಜು ಸಿದ್ಧ. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬರಬಾರದು ಎಂಬುದು ಯಾವ ಗೌಂಡಿಯನ್ನು ಕೇಳಿದರೂ ಹೇಳುವ ಮೊದಲ ನಿಯಮ. ಸಂದಿಗೆ ಸಂದು ಬಂದರೆ ಮನೆಯ ಗೋಡೆ ಅಲ್ಲೇ ಬಿರುಕು ಬಿಡುತ್ತದೆ, ಆಟಿಕೆಯ ಗೋಡೆ ಅಲ್ಲೇ ಎರಡಾಗಿ ಕೈಗೆ ಬರುತ್ತದೆ. ಇನ್ನು ಅಳತೆಗೆ ಕುಗ್ಗಿಸುವ ಲೆಕ್ಕ: ಈ ಇಟ್ಟಿಗೆಗಳ ಜೊತೆ ಬರುವ ಪುಟ್ಟ ಗೊಂಬೆಯ ಎತ್ತರ 4 ಸೆಂಟಿಮೀಟರ್. ಐದೂವರೆ ಅಡಿ ಆಳನ್ನು ಅದಕ್ಕೆ ಹೋಲಿಸಿದರೆ ನಲವತ್ತೆರಡರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಮೂವತ್ತು ಅಡಿಯ ಗೋಡೆಗೆ ಸುಮಾರು 23 ಇಟ್ಟಿಗೆಯ ಎತ್ತರ ಬೇಕು. ಅಷ್ಟು ಇಟ್ಟಿಗೆ ಇಲ್ಲದಿದ್ದರೆ ಅಳತೆ ಇನ್ನಷ್ಟು ಕುಗ್ಗಿಸಬೇಕು, ಆಗ ಯಾವ ವಿವರ ಬಿಡಬೇಕು, ಯಾವುದನ್ನು ಉಳಿಸಿದರೆ ನೋಡಿದವರು ಇದು ಸವದತ್ತಿ ಎಂದು ಗುರುತಿಸುತ್ತಾರೆ ಎಂದು ತೀರ್ಮಾನಿಸಬೇಕು. ಸ್ವಂತ ಮಾದರಿಯಲ್ಲಿ ಅತ್ಯಂತ ಕಠಿಣವಾದದ್ದು, ಅತ್ಯಂತ ರುಚಿಯಾದದ್ದು ಈ ಬಿಡುವ ಮತ್ತು ಉಳಿಸುವ ಕೆಲಸವೇ.

ಕಟ್ಟಡದ ಕಿರುರೂಪ ಮಾಡುವುದು ಮಕ್ಕಳಾಟ ಎಂದು ಮೂಗು ಮುರಿಯುವವರು ನಮ್ಮ ಹಳೆಯ ಗುಡಿಗಳ ಗೋಡೆಯನ್ನು ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಲ್ಲಿ ಗೋಡೆಯ ಕಿರುಗಂಬಗಳ ಮೇಲೆ ಪುಟ್ಟ ಪುಟ್ಟ ಶಿಖರಗಳಿರುತ್ತವೆ, ಒಂದು ದ್ರಾವಿಡ ಮಾದರಿಯದಾದರೆ ಇನ್ನೊಂದು ನಾಗರ ಮಾದರಿಯದು. ಕರ್ನಾಟಕದ ದ್ರಾವಿಡ ಶೈಲಿಯ ಗುಡಿಗಳನ್ನು ಆಳವಾಗಿ ಅಧ್ಯಯನ ಮಾಡಿದ ವಿದ್ವಾಂಸ ಆಡಮ್ ಹಾರ್ಡಿ 1995ರ ತಮ್ಮ ಗ್ರಂಥದಲ್ಲಿ ತೋರಿಸಿದ್ದು ಇದನ್ನೇ: ಇಡೀ ಗುಡಿ ಚಿಕ್ಕ ಚಿಕ್ಕ ಗುಡಿಗಳ ಆಕಾರಗಳನ್ನು ಕೂಡಿಸಿ, ಒಂದರೊಳಗಿಂದ ಒಂದು ಮೂಡುವಂತೆ ಮಾಡಿದ ರಚನೆ. ಕೆಲವೇ ಘಟಕಗಳನ್ನು ಇಟ್ಟುಕೊಂಡು ಪ್ರತಿ ಊರಿನಲ್ಲೂ ಹೊಸ ಗುಡಿ ಕಟ್ಟಿದ ಶಿಲ್ಪಿಗಳು ನಮ್ಮವರು. ಕಲ್ಲಿಗೆ ಕಲ್ಲು ಹೊಂದಿಸಿ ಗಾರೆಯಿಲ್ಲದೆ ನಿಲ್ಲಿಸುವ ವಿದ್ಯೆಯೂ ಅವರಿಗಿತ್ತು. ಸವದತ್ತಿಯ ಹತ್ತಿರದ ಹೂಲಿಯ ಪಂಚಲಿಂಗೇಶ್ವರ ಗುಡಿಗೆ ಹೋದಾಗ ಕೈಮುಗಿದು ಬರುವುದರ ಜೊತೆಗೆ ಎಲ್ಲಿ ಯಾವ ಆಕಾರ ಮರುಕಳಿಸಿದೆ ಎಂದು ಎಣಿಸಿ ಬರಬಹುದು. ದೊಡ್ಡವರು ಈ ಹವ್ಯಾಸಕ್ಕೆ ನಾಚಬೇಕಿಲ್ಲ ಎನ್ನಲು ಇನ್ನೊಂದು ಉದಾಹರಣೆ: ಶಿಕಾಗೋದ ವಾಸ್ತುಶಿಲ್ಪಿ ಆಡಮ್ ರೀಡ್ ಟಕರ್ ತಾವಾಗಿ ಇಟ್ಟಿಗೆಗಳಲ್ಲಿ ಕಟ್ಟುತ್ತಿದ್ದ ಗಗನಚುಂಬಿಗಳ ಮಾದರಿಗಳಿಂದಲೇ 2008ರಲ್ಲಿ ಲೆಗೊ ಕಂಪನಿಯ ಕಟ್ಟಡಗಳ ಸರಣಿ ಹುಟ್ಟಿತು.

ಪರೀಕ್ಷೆ, ಟ್ಯೂಷನ್, ಸ್ಪರ್ಧಾತ್ಮಕ ಪರೀಕ್ಷೆಗಳ ನಡುವೆ ಇದಕ್ಕೆಲ್ಲ ಹೊತ್ತೆಲ್ಲಿದೆ ಎಂಬುದು ಪಾಲಕರ ಪ್ರಶ್ನೆ. ಇದಕ್ಕೆ ಉತ್ತರ ಅಂಕಿಗಳಲ್ಲೇ ಇದೆ. ಅಮೆರಿಕದಲ್ಲಿ ಸುಮಾರು ನಾಲ್ಕು ಲಕ್ಷ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ವರ್ಷಗಳ ನಂತರ ಅವರು ಏನಾದರು ಎಂದು ನೋಡಿದ ದಾಖಲೆಗಳನ್ನು 2009ರಲ್ಲಿ ವಿಶ್ಲೇಷಿಸಿದಾಗ, ವಸ್ತುಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ, ಜೋಡಿಸಿ ನೋಡುವ ಶಕ್ತಿ ಹೆಚ್ಚಿದ್ದವರು ವಿಜ್ಞಾನ, ಎಂಜಿನಿಯರಿಂಗ್ ಕಡೆ ಹೆಚ್ಚು ಹೋಗಿದ್ದು ಕಂಡುಬಂತು. ಆ ಶಕ್ತಿ ಹುಟ್ಟಿನಿಂದಲೇ ಬರಬೇಕಾದದ್ದಲ್ಲ. 217 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಬಂದ ವಿಮರ್ಶೆ, ಅಭ್ಯಾಸದಿಂದ ಅದು ಬೆಳೆಯುತ್ತದೆ ಎಂದು ಸ್ಪಷ್ಟವಾಗಿ ಹೇಳಿತು. ಇಟ್ಟಿಗೆ ಹಿಡಿದವರೆಲ್ಲ ಎಂಜಿನಿಯರ್ ಆಗುತ್ತಾರೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಮಾರುವವರ ಮಾತಾದೀತು. ಆದರೆ ನಮ್ಮ ಪರೀಕ್ಷೆಗಳು ಹೆಚ್ಚಾಗಿ ಅಳೆಯದ ಒಂದು ಬುದ್ಧಿಶಕ್ತಿಯನ್ನು ಈ ಆಟ ಪೋಷಿಸುತ್ತದೆ, ಆ ಶಕ್ತಿ ಬಡಗಿಗೂ ಬೇಕು, ಗೌಂಡಿಗೂ ಬೇಕು, ಮಗ್ಗದ ಮುಂದೆ ಕೂರುವ ರಾಮದುರ್ಗದ ನೇಕಾರರಿಗೂ ಬೇಕು. ಹುಡುಗಿಯರ ಕೈಗೆ ಗೊಂಬೆ, ಹುಡುಗರ ಕೈಗೆ ಇಟ್ಟಿಗೆ ಎಂಬ ಪಾಲು ಮಾಡುವುದನ್ನೂ ಇದೇ ಕಾರಣಕ್ಕೆ ಬಿಡಬೇಕು.

ನಮ್ಮಲ್ಲಿ ಮಣ್ಣೆತ್ತು ಇರುವಾಗ, ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಾಡುವ ಗುಳ್ಳವ್ವ ಇರುವಾಗ ಈ ಪ್ಲಾಸ್ಟಿಕ್ ಏಕೆ ಎಂದು ಕೇಳುವವರ ಮಾತನ್ನು ನಾನು ಹೆಚ್ಚು ಗೌರವಿಸುತ್ತೇನೆ. ಮಣ್ಣಿನ ಕೆಲಸ ಕೈಗೆ ಕೊಡುವ ಹದವನ್ನು ಯಾವ ಇಟ್ಟಿಗೆಯೂ ಕೊಡಲಾರದು, ಅದನ್ನು ಬಿಡಬಾರದು. ಬೆಳಗಾವಿ ನಗರದ ಮಕ್ಕಳು ದೀಪಾವಳಿಗೆ ಮಣ್ಣು ಕಲ್ಲುಗಳಲ್ಲಿ ಕಟ್ಟುವ ಕೋಟೆಗಳೂ ಉಳಿಯಬೇಕು. ಆದರೆ ಎರಡೂ ಕಲಿಸುವುದು ಬೇರೆ. ಮಣ್ಣು ಹೇಳಿದ ಆಕಾರಕ್ಕೆ ಬರುತ್ತದೆ. ಇಟ್ಟಿಗೆ ಬರುವುದಿಲ್ಲ, ಅದರ ಅಳತೆಗೆ ನಮ್ಮ ಯೋಚನೆಯೇ ಬಗ್ಗಬೇಕು. ಮಣ್ಣು ಒಣಗಿದ ಮೇಲೆ ತಿದ್ದಲಾಗದು, ಇಟ್ಟಿಗೆಯ ಗೋಡೆಯನ್ನು ನಾಲ್ಕು ಸಾಲು ಬಿಚ್ಚಿ ಮತ್ತೆ ಕಟ್ಟಬಹುದು. ಇನ್ನು ಪ್ಲಾಸ್ಟಿಕ್ಕಿನ ದೋಷ. ಅದು ನಿಜ. ಒಂದು ವಾರ ಆಡಿ ಎಸೆಯುವ ಪ್ಲಾಸ್ಟಿಕ್ ಆಟಿಕೆಗಿಂತ ಮೂವತ್ತು ವರ್ಷ ಬಾಳುವ ಇಟ್ಟಿಗೆ ವಾಸಿ ಎಂದಷ್ಟೇ ಹೇಳಬಹುದು. ಅದೂ ಬಿಚ್ಚಿ ಮತ್ತೆ ಕಟ್ಟಿದರೆ ಮಾತ್ರ.

ಕೊನೆಯ ಆಕ್ಷೇಪ ದುಡ್ಡಿನದು, ಎಲ್ಲಕ್ಕಿಂತ ಗಟ್ಟಿಯಾದದ್ದು. ಲೆಗೊ ಪೆಟ್ಟಿಗೆಗಳ ಬೆಲೆ ಸಾಮಾನ್ಯ ಮನೆಗಳಿಗೆ ಎಟಕುವುದಿಲ್ಲ, ಹೊರದೇಶದ ಆಟಿಕೆಗಳ ಮೇಲಿನ ಸುಂಕವೂ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಆದರೆ ಇಟ್ಟಿಗೆಯ ಮೂಲ ಪೇಟೆಂಟ್ ಮುಗಿದು ದಶಕಗಳಾಗಿವೆ, ಅದೇ ಅಳತೆಯ ತುಂಡುಗಳನ್ನು ಬೇರೆ ಕಂಪನಿಗಳು ಕಡಿಮೆ ಬೆಲೆಗೆ ಮಾಡುತ್ತವೆ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗೆ ಐಎಸ್ಐ ಗುರುತು ಕಡ್ಡಾಯ, ಕೊಳ್ಳುವಾಗ ಅದನ್ನು ನೋಡಿಕೊಳ್ಳಬೇಕು. ಆಟಿಕೆ ತಯಾರಿಕೆ ಈಗ ನಮ್ಮ ನೆರೆಗೂ ಬಂದಿದೆ: ವಿಮಾನದ ಬಿಡಿಭಾಗ ತಯಾರಿಸುವ ಬೆಳಗಾವಿಯ ಏಕಸ್ ಕಂಪನಿಯೇ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್ ಸ್ಥಾಪಿಸಿದೆ, ಅದಕ್ಕೆ ಅಡಿಗಲ್ಲು ಹಾಕಿದ್ದು 2021ರ ಜನವರಿಯಲ್ಲಿ. ಅಗ್ಗದ ಇಟ್ಟಿಗೆಯನ್ನೂ ಕೊಳ್ಳಲಾಗದವರಿಗೆ, ಆಟಿಕೆಗಳಿಂದ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ 1978ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದಲ್ಲಿ ಕಂಡುಕೊಂಡ ದಾರಿ ಇದೆ. ಸೈಕಲ್ ವಾಲ್ವ್ ಟ್ಯೂಬನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನು ಅದರ ಎರಡೂ ಬಾಯಿಗೆ ತೂರಿಸಿದರೆ ಜೋಡಣೆ ಆಯಿತು. ನಾಲ್ಕು ಕಡ್ಡಿಯ ಚೌಕ ಮಾಡಿ ಒತ್ತಿದರೆ ಸೊಟ್ಟಗಾಗುತ್ತದೆ, ಮೂರು ಕಡ್ಡಿಯ ತ್ರಿಕೋನ ಅಲುಗುವುದಿಲ್ಲ. ತಗಡಿನ ಛಾವಣಿ ಹೊತ್ತ ಕಬ್ಬಿಣದ ಚೌಕಟ್ಟುಗಳಲ್ಲಿ ಏಕೆ ತ್ರಿಕೋನಗಳಿರುತ್ತವೆ ಎಂಬುದು ಆ ಕ್ಷಣಕ್ಕೆ ಮಗುವಿಗೆ ಗೊತ್ತಾಗುತ್ತದೆ.

ಪ್ರತಿ ಮನೆಯಲ್ಲೂ ಪೆಟ್ಟಿಗೆ ಇರಲೇಬೇಕೆಂದೂ ಇಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಊರಿನ ಯುವಕ ಸಂಘವೋ ಹಳೆಯ ವಿದ್ಯಾರ್ಥಿಗಳೋ ಕೂಡಿ ಅಲ್ಲಿಗೆ ಒಂದು ದೊಡ್ಡ ಪೆಟ್ಟಿಗೆ ಇಟ್ಟಿಗೆ ಕೊಡಿಸಬಹುದು, ಚೀಟಿಯಿಲ್ಲದೆ. ಮನೆಯ ಶೋಕೇಸಿನಲ್ಲಿ ಧೂಳು ಹಿಡಿದ ಕಾರುಗಳನ್ನು ಬಿಚ್ಚಿ ಅದಕ್ಕೆ ಸೇರಿಸಬಹುದು. ಕಿತ್ತೂರು ಉತ್ಸವ ಪ್ರತಿವರ್ಷ ಅಕ್ಟೋಬರ್ 23ರಿಂದ 25ರವರೆಗೆ ನಡೆಯುತ್ತದೆ. ಕುಸ್ತಿ, ಹಾಡು, ಮೆರವಣಿಗೆಗಳ ಜೊತೆಗೆ ನಾಲ್ಕೂ ತಾಲ್ಲೂಕುಗಳ ಮಕ್ಕಳು ತಾವೇ ಯೋಚಿಸಿ ಕಟ್ಟಿದ ಅರಮನೆ, ಬುರುಜು, ಮಗ್ಗ, ಚಕ್ಕಡಿಗಳಿಗೆ ಒಂದು ಉದ್ದನೆಯ ಮೇಜು ಹಾಕಿಕೊಡಿ ಎಂದು ಉತ್ಸವ ನಡೆಸುವವರನ್ನು ಕೇಳಿಕೊಳ್ಳುತ್ತೇನೆ. ಇಟ್ಟಿಗೆಯದೇ ಆಗಬೇಕೆಂದಿಲ್ಲ, ಬೆಂಡಿನದೂ ಕಡ್ಡಿಯದೂ ಬರಲಿ. ನಿಯಮ ಒಂದೇ ಇರಲಿ: ಯಾವುದನ್ನೂ ಚೀಟಿ ನೋಡಿ ಕಟ್ಟಿರಬಾರದು.